ಭಾನುವಾರ ಎರಡು ತಾಸು ಇದೆ, ಊರಿಗೆ ಏನು ಮಾಡಬಹುದು?

ಕೋಟೆ ಓಣಿ (ಕೊಪ್ಪಳ)
ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದೆ. ಈ ವರ್ಷ ಕೊಪ್ಪಳಕ್ಕೆ ವರ್ಗವಾಯಿತು. ಬ್ಯಾಂಕಿನಲ್ಲಿ ಕೆಲಸ. ಭಾನುವಾರ ಕೈ ಖಾಲಿ ಇರುತ್ತದೆ. ನಮ್ಮ ಹಳ್ಳಿ ಇಲ್ಲಿಂದ ಬೈಕಿನಲ್ಲಿ ಅರ್ಧ ತಾಸು. ಊರಿಗೆ ಏನಾದರೂ ಮಾಡಬೇಕು ಅಂತ ತುಂಬಾ ದಿನದಿಂದ ಮನಸ್ಸಿದೆ.

ಆದರೆ ಕೇಳೋಕೆ ಒಂದು ಕಾರಣ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಡಿಗ್ರಿ ಮುಗಿಸಿದ ವರ್ಷ ನಮ್ಮ ಊರ ಶಾಲೆಯಲ್ಲಿ ಭಾನುವಾರ ಗಣಿತ ಹೇಳಿಕೊಡೋಕೆ ಶುರು ಮಾಡಿದ್ದೆ. ಏಳು ವಾರ ನಡೆಯಿತು. ಎಂಟನೇ ವಾರ ಕೆಲಸದ ಕರೆ ಬಂತು. ಮಕ್ಕಳಿಗೆ ಒಂದು ಮಾತೂ ಹೇಳದೆ ಬೆಂಗಳೂರು ಬಸ್ಸು ಹತ್ತಿದೆ. ಹೋದ ತಿಂಗಳು ಊರ ಹೋಟೆಲ್‌ನಲ್ಲಿ ಒಬ್ಬ ಹುಡುಗ ಚಹಾ ತಂದುಕೊಟ್ಟು ಗುರುತು ಹಿಡಿದ. "ಸರ್, ನೀವು ಬರ್ತೀರಂತ ಮೂರು ಭಾನುವಾರ ಶಾಲೆ ಕಟ್ಟಿ ಮೇಲೆ ಕೂತಿದ್ವಿ" ಅಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು. ಚಹಾ ಕುಡಿಯೋಕೆ ಆಗಲಿಲ್ಲ.

ಹಾಗಾಗಿ ಈ ಸಲ ದುಡುಕಬಾರದು ಅಂತ. ವಾರಕ್ಕೆ ಎರಡು ತಾಸು ಖಂಡಿತ ಕೊಡಬಲ್ಲೆ. ಲೆಕ್ಕ ಬರುತ್ತದೆ, ಬ್ಯಾಂಕಿನ ಕಾಗದಪತ್ರ ಗೊತ್ತು. ಅದು ಬಿಟ್ಟು ದೊಡ್ಡ ವಿದ್ಯೆ ಏನೂ ಇಲ್ಲ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಇಂಥ ಕೆಲಸ ಮಾಡುತ್ತಿರುವವರು ಯಾರಾದರೂ ಇದ್ದರೆ ದಾರಿ ಹೇಳಿ.

ಗಂಗಾವತಿ ಟೀಚರ್
ಭಾನುವಾರ, ರಾತ್ರಿ 9:48

ಆ ಹುಡುಗನ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ನಾನು 19 ವರ್ಷದಿಂದ ಸರ್ಕಾರಿ ಶಾಲೆ ಟೀಚರ್. ಶಾಲೆಗೆ "ಸೇವೆ ಮಾಡ್ತೀವಿ" ಅಂತ ಬಂದು ಹೋದವರನ್ನು ಬಹಳ ನೋಡಿದ್ದೇನೆ. ಬಂದ ದಿನ ಫೋಟೋ, ಚಾಕಲೇಟು, ಭಾಷಣ. ಮುಂದಿನ ವಾರ ಮಕ್ಕಳು ಕಿಟಕಿಯಿಂದ ಗೇಟು ನೋಡುತ್ತಾ ಇರುತ್ತಾರೆ. ಮಕ್ಕಳಿಗೆ ಮನೆಯಲ್ಲೂ ಅದೇ ಅನುಭವ. ಅಪ್ಪ ಅವ್ವ ಗುಳೆ ಹೋಗುವಾಗ "ಯುಗಾದಿಗೆ ಬರ್ತೀವಿ" ಅಂದಿರುತ್ತಾರೆ. ಯುಗಾದಿಗೆ ಬರೋಕೆ ಆಗಿರುವುದಿಲ್ಲ. ಹಾಗಾಗಿ ನಮ್ಮ ಭಾಗದ ಮಕ್ಕಳ ಮುಂದೆ ಬರುತ್ತೇನೆ ಅಂತ ಹೇಳುವುದು ದೊಡ್ಡ ಮಾತು.

ನನ್ನ ಸಲಹೆ ಇಷ್ಟೇ. ಮೊದಲ ಎರಡು ಭಾನುವಾರ ಏನೂ ಮಾಡಬೇಡಿ. ಹೋಗಿ ಕಟ್ಟಿ ಮೇಲೆ ಕೂತು ಮಾತಾಡಿ. ಊರಿಗೆ ಏನು ಬೇಕು ಅನ್ನುವುದು ಊರಿಗೇ ಗೊತ್ತಿರುತ್ತದೆ. ನಿಮಗೆ ಗಣಿತ ಹೇಳಿಕೊಡುವ ಆಸೆ ಇರಬಹುದು, ಅಲ್ಲಿ ಬೇಕಾಗಿರುವುದು ಬೇರೆ ಇರಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತ ಹೆಸರು. ಅಲ್ಲಿ ಮೇಜು, ಬೆಂಚು, ನೆರಳು ಇರುತ್ತದೆ. ಭಾನುವಾರ ತೆರೆಯುತ್ತಾರಾ ಅಂತ ಅಲ್ಲಿಯವರನ್ನೇ ಕೇಳಿ. ಶಾಲೆಯಲ್ಲೇ ಮಾಡುವುದಾದರೆ ಮುಖ್ಯ ಗುರುಗಳಿಗೂ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರಿಗೂ ಹೇಳಿ ಒಪ್ಪಿಗೆ ಪಡೆಯಿರಿ. ಮಕ್ಕಳ ಜೊತೆ ಒಬ್ಬರೇ ಇರಬೇಡಿ, ಊರಿನ ಒಬ್ಬ ತಾಯಿಯೋ ಟೀಚರೋ ಜೊತೆಗಿರಲಿ. ಇದು ನಿಮ್ಮ ಮೇಲೆ ಅನುಮಾನ ಅಲ್ಲ. ಮಕ್ಕಳ ಜೊತೆ ಕೆಲಸ ಮಾಡುವ ಎಲ್ಲರಿಗೂ ಇದೇ ರೂಢಿ ಇರಬೇಕು.

ಸಿಂಧನೂರು ವೈರ್‌ಮನ್
ಸೋಮವಾರ, ಮುಂಜಾನೆ 6:20

ನನಗೆ ಪಾಠ ಹೇಳೋಕೆ ಬರುವುದಿಲ್ಲ. ಹತ್ತನೇ ಕ್ಲಾಸ್, ಆಮೇಲೆ ಐಟಿಐ. ಆದರೆ ಕೈಯಲ್ಲಿ ಟೆಸ್ಟರ್ ಇದೆ.

ನಮ್ಮ ಓಣಿಯ ಶಾಲೆಗೆ ಮಗಳನ್ನು ಬಿಡೋಕೆ ಹೋದಾಗ ನೋಡಿದೆ, ಏಪ್ರಿಲ್ ತಿಂಗಳು, ಕ್ಲಾಸಿನಲ್ಲಿ ಫ್ಯಾನು ತಿರುಗುತ್ತಿತ್ತು, ಆದರೆ ಅದರ ಮೂರು ರೆಕ್ಕೆ ಎಣಿಸಬಹುದಿತ್ತು. ರಾಯಚೂರು ಜಿಲ್ಲೆಯ ಬೇಸಿಗೆ ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಒಳಗೆ 45 ಮಕ್ಕಳು. ಹೆಡ್ ಮೇಷ್ಟ್ರು "ಫ್ಯಾನು ಹಳೇದಾಗಿದೆ, ಹೊಸದಕ್ಕೆ ಬರೆದಿದ್ದೇವೆ" ಅಂದರು. ಹೊಸದು ಬೇಕಿರಲಿಲ್ಲ. ಫ್ಯಾನು ಹಾಗೆ ನಿಧಾನ ತಿರುಗಿದರೆ ಬಹಳ ಸಲ ಕೆಪ್ಯಾಸಿಟರ್ ಸತ್ತಿರುತ್ತದೆ. ಮೇಲೆ ಬಟ್ಟಲಿನಂಥ ಮುಚ್ಚಳದ ಒಳಗೆ ಬೆರಳಿನಷ್ಟು ಸಣ್ಣ ಡಬ್ಬಿ, ಮೇಲೆ 2.5 ಅಂತ ಬರೆದಿರುತ್ತದೆ. ಅಂಗಡಿಯಲ್ಲಿ ನೂರು ರೂಪಾಯಿ ಒಳಗೇ ಸಿಗುತ್ತದೆ. ಮೇನ್ ಆಫ್ ಮಾಡಿ, ಹಳೇದು ತೆಗೆದು, ಹೊಸದು ಕಟ್ಟಿ, ರೆಕ್ಕೆ ಮೇಲಿನ ಧೂಳು ಒರೆಸಿ ಇಳಿದೆ. ಒಂದಕ್ಕೆ ಹತ್ತು ಹನ್ನೆರಡು ನಿಮಿಷ. ಸ್ವಿಚ್ ಹಾಕಿದಾಗ ಮುಂದಿನ ಬೆಂಚಿನ ಪುಸ್ತಕದ ಹಾಳೆ ಎಲ್ಲ ಪಟಪಟ ಅಂತ ತಿರುಗಿದವು. ಮಕ್ಕಳು ಹೋ ಅಂತ ಕೂಗಿದರು. 22 ವರ್ಷ ವೈರಿಂಗ್ ಮಾಡಿದ್ದೇನೆ, ಅಂಥ ಕೂಗು ಯಾವ ಬಂಗಲೆಯಲ್ಲೂ ಕೇಳಿಲ್ಲ.

ಈಗ ತಿಂಗಳಿಗೆ ಒಂದು ಭಾನುವಾರ ಒಂದು ಶಾಲೆ. ಫ್ಯಾನು, ಸ್ವಿಚ್ಚು, ಟ್ಯೂಬು ನೋಡುತ್ತೇನೆ. ಕಂಬದ ಲೈನ್ ಮುಟ್ಟುವುದಿಲ್ಲ, ಅದು ಜೆಸ್ಕಾಂ ಲೈನ್‌ಮನ್ ಕೆಲಸ. ಸೇವೆ ಅಂತ ಹೇಳಿ ಜೀವಕ್ಕೆ ಅಪಾಯ ತಂದುಕೊಳ್ಳಬಾರದು, ಯಾರೂ.

ಕೋಟೆ ಓಣಿ (ಕೊಪ್ಪಳ)
ಸೋಮವಾರ, ಮುಂಜಾನೆ 7:05

ಅಣ್ಣಾ, ನಿಮಗೆ ಕೈ ಮುಗಿಯುತ್ತೇನೆ. ನಾನು ಕಲಿತ ಶಾಲೆಯ ಫ್ಯಾನುಗಳೂ ಹಾಗೇ ಇವೆ. ರೆಕ್ಕೆ ಎಣಿಸಬಹುದು.

ನೇರ ಮಾತು (ರಾಯಚೂರು)
ಸೋಮವಾರ, ಮಧ್ಯಾಹ್ನ 1:15

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳಬೇಕು. ಶಾಲೆಯ ಫ್ಯಾನು ಯಾರ ಕೆಲಸ? ಗಣಿತ ಟೀಚರ್ ಹುದ್ದೆ ಖಾಲಿ ಇದ್ದರೆ ತುಂಬುವುದು ಯಾರ ಕೆಲಸ? ನಾವು ತೆರಿಗೆ ಕಟ್ಟುತ್ತೇವೆ. ನಮ್ಮ ಭಾಗ ಹಿಂದುಳಿದಿದೆ ಅಂತ ಸಂವಿಧಾನದಲ್ಲೇ 371 ಜೆ ಕಲಂ ತಂದಿದ್ದಾರೆ. ನಾವೇ ಪುಕ್ಕಟೆ ಮಾಡಿಕೊಟ್ಟರೆ "ಅವರೇ ನಡೆಸಿಕೊಳ್ಳುತ್ತಾರೆ ಬಿಡು" ಅಂತ ಇನ್ನೂ ಹತ್ತು ವರ್ಷ ಹುದ್ದೆ ಖಾಲಿ ಬಿಡುತ್ತಾರೆ. ಬೆಂಗಳೂರಿನ ಶಾಲೆಗೆ ಯಾರಾದರೂ ಭಾನುವಾರ ಹೋಗಿ ಫ್ಯಾನು ರಿಪೇರಿ ಮಾಡುತ್ತಾರಾ? ನಮ್ಮ ಜನ ಯಾವಾಗಲೂ ಕೊಟ್ಟು ಕೊಟ್ಟು ಹಿಂದೆ ಉಳಿದರು. ಕೇಳಿ ಪಡೆಯೋಕೆ ಕಲಿಯಲಿಲ್ಲ.

ಗಂಗಾವತಿ ಟೀಚರ್
ಸೋಮವಾರ, ಸಂಜೆ 5:40

ನಿಮ್ಮ ಸಿಟ್ಟು ನನಗೂ ಇದೆ, ನಂಬಿ. ಹುದ್ದೆ ಖಾಲಿ ಇರುವ ಶಾಲೆಯಲ್ಲೇ ನಾನು ಎರಡು ಕ್ಲಾಸು ಒಟ್ಟಿಗೆ ನಡೆಸಿದವಳು. ಆದರೆ ಒಂದು ವಿಷಯ. ಈಗ ಒಂಬತ್ತನೇ ಕ್ಲಾಸಿನಲ್ಲಿ ಇರುವ ಹುಡುಗಿ ಮುಂದಿನ ವರ್ಷ ಒಂಬತ್ತರಲ್ಲಿ ಇರುವುದಿಲ್ಲ. ಟೀಚರ್ ಬರುವ ತನಕ ಅವಳು ಕಾಯೋಕೆ ಆಗುವುದಿಲ್ಲ. ಹತ್ತನೇದು ಫೇಲ್ ಆದರೆ ಮನೆಯವರು ಮದುವೆ ಮಾತು ತೆಗೆಯುತ್ತಾರೆ. ಹಾಗಾಗಿ ಎರಡೂ ಮಾಡಬೇಕು. ಮುಂಜಾನೆ ಪಾಠ ಹೇಳಿಕೊಡಿ, ಮಧ್ಯಾಹ್ನ ಅರ್ಜಿ ಬರೆಯಿರಿ.

ಲಿಂಗಸುಗೂರು ವಕೀಲ
ಸೋಮವಾರ, ರಾತ್ರಿ 8:30

ಟೀಚರಮ್ಮನ ಮಾತಿಗೆ ಇನ್ನೊಂದಿಷ್ಟು ಸೇರಿಸುತ್ತೇನೆ. ಅರ್ಜಿ ಬರೆಯುವುದೂ ಒಂದು ವಿದ್ಯೆ. ನೇರ ಮಾತು ಅವರೇ, ನಿಮಗೆ ಆ ವಿದ್ಯೆ ಇದೆ ಅಂತ ನಿಮ್ಮ ಬರವಣಿಗೆ ನೋಡಿದರೆ ಗೊತ್ತಾಗುತ್ತದೆ. ಅದನ್ನೇ ಕೊಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಯಾರು ಬೇಕಾದರೂ ಕೇಳಬಹುದು. ನಮ್ಮ ರಾಜ್ಯದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಬಹಳ ಜನ ಇಲ್ಲೇ ಸೋಲುತ್ತಾರೆ. ನಾಲ್ಕು ಪುಟ ಗೋಳು ಬರೆದು ಕಳಿಸುತ್ತಾರೆ. "ಈ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಈಗ ಇರುವವರು ಎಷ್ಟು, ಖಾಲಿ ಯಾವ ತಾರೀಖಿನಿಂದ" ಅಂತ ಮೂರು ಸಾಲು ಕೇಳಿದರೆ ಉತ್ತರ ಕೊಡಲೇಬೇಕು. ಆ ಉತ್ತರ ಹಿಡಿದುಕೊಂಡು ಗ್ರಾಮಸಭೆಯಲ್ಲಿ ನಿಂತರೆ ಮಾತಿಗೆ ತೂಕ ಬರುತ್ತದೆ.

ನಾನು ತಿಂಗಳಿಗೆ ಎರಡು ಶನಿವಾರ ಹಳ್ಳಿಗೆ ಹೋಗುತ್ತೇನೆ. ಬರುವವರಲ್ಲಿ ಜಾಸ್ತಿ ಹೆಂಗಸರು. ಕೋರ್ಟಿಗೆ ಹೋಗೋಕೆ ದುಡ್ಡಿಲ್ಲ ಅಂತಲೇ ವರ್ಷಗಟ್ಟಲೆ ಸುಮ್ಮನಿದ್ದವರು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಇವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. 1987ರ ಕಾಯ್ದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಇಷ್ಟನ್ನು ಹೇಳಿ ಒಂದು ಚೀಟಿ ಬರೆದುಕೊಡುವುದೇ ನನ್ನ ಸೇವೆ. ಕೇಸು ನಾನು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ "ಕಕ್ಷಿದಾರರನ್ನು ಹಿಡಿಯೋಕೆ ಬಂದಿದ್ದಾನೆ" ಅಂತ ಆಗುತ್ತದೆ, ನಂಬಿಕೆ ಹೋಗುತ್ತದೆ.

ಇನ್ನು ಕೋಟೆ ಓಣಿಯವರೇ, ಒಂದು ನಮ್ಮ ಊರ ಕಡೆಯ ಕತೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣಕ್ಕೆ ಹೋಗಿ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡಿದವರು. ಒಂದು ದಿನ ಮಾರಯ್ಯ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ವಾಪಸ್ ಅಲ್ಲೇ ಸುರಿದು ಬಾ ಅಂದಳು. ಇದನ್ನು ಎಲ್ಲರೂ ದುರಾಸೆ ಬೇಡ ಅನ್ನುವ ಅರ್ಥದಲ್ಲಿ ಹೇಳುತ್ತಾರೆ. ನಾನು ಸೇವೆಗೂ ಹಚ್ಚುತ್ತೇನೆ. ಹೊರೋಕೆ ಆಗದಷ್ಟು ಕೆಲಸ ಮೈಮೇಲೆ ಹಾಕಿಕೊಳ್ಳುವುದೂ ಒಂಥರ ಆಸೆಯೇ. ನಿಮ್ಮ ದಿನದ ಅಕ್ಕಿ ಎರಡು ತಾಸು. ಅಷ್ಟೇ ತನ್ನಿ.

ಬಳ್ಳಾರಿ ಬಿ-ಪಾಸಿಟಿವ್
ಸೋಮವಾರ, ರಾತ್ರಿ 10:02

ಎರಡು ತಾಸೂ ಇಲ್ಲ ಅನ್ನುವವರಿಗೆ ನನ್ನ ಕಡೆಯಿಂದ. ಮೂರು ತಿಂಗಳಿಗೆ ಒಂದು ತಾಸು ಸಾಕು. ರಕ್ತ ಕೊಡಿ.

ನಾನು ಇಲ್ಲಿಯವರೆಗೆ 31 ಸಲ ಕೊಟ್ಟಿದ್ದೇನೆ. ಶುರುವಾದದ್ದು ತಂಗಿ ಹೆರಿಗೆಯಲ್ಲಿ. ಅವಳಿಗೆ ರಕ್ತ ಬೇಕಾದಾಗ ರಾತ್ರಿ ಎರಡು ಗಂಟೆಗೆ ಗುರುತಿಲ್ಲದ ಒಬ್ಬರು ಚಪ್ಪಲಿ ಕೂಡ ಸರಿಯಾಗಿ ಮೆಟ್ಟಿಕೊಳ್ಳದೆ ಓಡಿ ಬಂದರು. ಕೊಟ್ಟು, ಚಹಾನೂ ಕುಡಿಯದೆ ಹೋದರು. ಇವತ್ತಿಗೂ ಅವರ ಹೆಸರು ಗೊತ್ತಿಲ್ಲ. ತಂಗಿ ಮಗನಿಗೆ ಈಗ ಒಂಬತ್ತು ವರ್ಷ.

ಒಂದು ದಿನ ಬಂದು ಹೋಗುವವರ ಬಗ್ಗೆ ಮೇಲೆ ಟೀಚರ್ ಹೇಳಿದ ಮಾತು ಇಲ್ಲಿ ಅಕ್ಷರಕ್ಕೆ ಅಕ್ಷರ ನಿಜ. ನಮ್ಮಲ್ಲಿ ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ನೂರಾರು ಜನ ರಕ್ತ ಕೊಡುತ್ತಾರೆ. ಒಳ್ಳೆಯದೇ. ಆದರೆ ರಕ್ತ ಕಪಾಟಿನಲ್ಲಿ ಇಟ್ಟ ಬಂಗಾರ ಅಲ್ಲ. ಕೆಂಪು ರಕ್ತಕಣದ ಚೀಲ 35ರಿಂದ 42 ದಿನ ಬಾಳುತ್ತದೆ. ಪ್ಲೇಟ್‌ಲೆಟ್ ಐದೇ ದಿನ. ಆಮೇಲೆ ಚೆಲ್ಲಬೇಕು. ಏಪ್ರಿಲ್, ಮೇ ತಿಂಗಳು ಕಾಲೇಜಿಗೆ ರಜೆ, ಹುಡುಗರು ಊರಿಗೆ ಹೋಗಿರುತ್ತಾರೆ, ಬಿಸಿಲಿಗೆ ಶಿಬಿರ ನಡೆಯುವುದಿಲ್ಲ. ಹೆರಿಗೆ, ಅಪಘಾತ ಮಾತ್ರ ರಜೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಶಿಬಿರದ ದಿನ ಬಿಟ್ಟು ಬೇರೆ ದಿನ ಹೋಗಿ. ನಾವು ಎಂಟು ಜನ ಗೆಳೆಯರು ತಿಂಗಳು ಹಂಚಿಕೊಂಡಿದ್ದೇವೆ. ನನ್ನ ಪಾಲು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್.

ವಯಸ್ಸು 18ರಿಂದ 65, ತೂಕ ಕಡಿಮೆ ಅಂದರೆ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಒಮ್ಮೆ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಏನಾದರೂ ಕಾಯಿಲೆ, ಮಾತ್ರೆ ಇದ್ದರೆ ಮುಚ್ಚಿಡದೆ ಅಲ್ಲಿನ ಡಾಕ್ಟರಿಗೆ ಹೇಳಿ.

ಕುಷ್ಟಗಿ ಹೊಲಿಗೆ
ಮಂಗಳವಾರ, ಮಧ್ಯಾಹ್ನ 4:25

ಎಲ್ಲರೂ ಭಾನುವಾರ, ಶನಿವಾರ ಅನ್ನುತ್ತಿದ್ದೀರಿ. ಹೆಂಗಸರಿಗೆ ಭಾನುವಾರ ಅನ್ನುವುದು ಬೇರೆ ಇರುವುದಿಲ್ಲ. ಅವತ್ತು ಎಲ್ಲರೂ ಮನೆಯಲ್ಲಿ, ಒಲೆ ಆರುವುದೇ ಇಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಊರ ಹೆಂಗಸರಿಗೆ ಏನಾದರೂ ಮಾಡುವವರು ಅವರ ಖಾಲಿ ಹೊತ್ತು ಯಾವುದು ಅಂತ ಮೊದಲು ಕೇಳಬೇಕು. ನಮ್ಮ ಊರಲ್ಲಿ ಅದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಬುತ್ತಿ ಕಟ್ಟಿ, ಪಾತ್ರೆ ತೊಳೆದು, ಇನ್ನೂ ಎಮ್ಮೆ ಬರದ ಹೊತ್ತು.

ನಾನು ಆ ಹೊತ್ತಿನಲ್ಲೇ ಹೊಲಿಗೆ ಕಲಿಸುತ್ತೇನೆ. ಸರ್ಕಾರ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಕೊಡುತ್ತದೆ. ಬಟ್ಟೆ ಪುಕ್ಕಟೆ, ಹೊಲಿಸೋಕೆ ದುಡ್ಡು. ಎರಡು ಮೂರು ಮಕ್ಕಳಿದ್ದರೆ ಕೂಲಿ ಮಾಡುವ ತಾಯಿಗೆ ಅದು ಎರಡು ದಿನದ ದುಡಿಮೆ. ಆಗ ನನಗೆ ಹೊಳೆಯಿತು, ಹೊಲಿದುಕೊಡುವುದಕ್ಕಿಂತ ಹೊಲಿಯೋಕೆ ಕಲಿಸಿದರೆ? ಮೊದಲ ದಿನ ಬಟ್ಟೆಗೆ ಕತ್ತರಿ ಹಾಕಿಸುವುದಿಲ್ಲ. ಹಳೇ ಪೇಪರ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಬೇಕು. ಬಟ್ಟೆ ಕೆಟ್ಟರೆ ಎದೆ ಒಡೆಯುತ್ತದೆ, ಪೇಪರ್ ಕೆಟ್ಟರೆ ಇನ್ನೊಂದು ಪೇಪರ್. ಒಬ್ಬಳು ತಾಯಿಗೆ ಟೇಪಿನ ಅಂಕಿ ಓದೋಕೆ ಬರುತ್ತಿರಲಿಲ್ಲ. ಅವಳು ದಾರದಲ್ಲಿ ಅಳತೆ ತೆಗೆದು ಗಂಟು ಹಾಕುತ್ತಿದ್ದಳು. ಭುಜಕ್ಕೆ ಒಂದು ಗಂಟು, ಎದೆಗೆ ಎರಡು, ಉದ್ದಕ್ಕೆ ಮೂರು. ಆ ಗಂಟಿನ ಅಳತೆಯಲ್ಲೇ ಮಗನ ಅಂಗಿ ಹೊಲಿದಳು. ಒಂದು ನೂಲೂ ಹೆಚ್ಚುಕಮ್ಮಿ ಆಗಲಿಲ್ಲ. ಆಮೇಲೆ ಅಂಕಿ ಕಲಿಯೋಕೆ ಅವಳಿಗೇ ಆಸೆ ಬಂತು. ಈಗ ಟೇಪು ನೋಡಿ 34 ಅಂತ ಗಟ್ಟಿಯಾಗಿ ಓದುತ್ತಾಳೆ.

ನಮ್ಮ ಕೊಪ್ಪಳದವರಿಗೆ ಕೊಡುವುದನ್ನು ಯಾರೂ ಕಲಿಸಬೇಕಿಲ್ಲ. ಗವಿಮಠದ ಜಾತ್ರೆ ಬಂದರೆ ಹಳ್ಳಿ ಹಳ್ಳಿಯಲ್ಲಿ ಹೆಂಗಸರು ಕೂತು ದಾಸೋಹಕ್ಕೆ ರೊಟ್ಟಿ ತಟ್ಟುತ್ತಾರೆ. ಕಟಿರೊಟ್ಟಿ ಬಿಳಿ ಬಟ್ಟೆಯಲ್ಲಿ ಕಟ್ಟಿ ಟ್ರ್ಯಾಕ್ಟರ್‌ನಲ್ಲಿ ಏರಿಸುತ್ತಾರೆ. ಯಾರ ರೊಟ್ಟಿ ಯಾರು ತಿಂದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. 2019ರಲ್ಲಿ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದಾಗಲೂ ಹಾಗೇ. 20 ಕಿಲೋಮೀಟರಿಗೂ ಜಾಸ್ತಿ ಹಳ್ಳ, ಜಾಲಿ ಬೆಳೆದು ಹೂಳು ತುಂಬಿತ್ತು. ದುಡ್ಡಿದ್ದವರು ದುಡ್ಡು ಕೊಟ್ಟರು, ಯಂತ್ರ ಇದ್ದವರು ಯಂತ್ರ ಕೊಟ್ಟರು, ಏನೂ ಇಲ್ಲದವರು ಕೈ ಕೊಟ್ಟರು. ನಮ್ಮ ಅಜ್ಜಿ ಕಾಲದಲ್ಲಿ ಮುಯ್ಯಾಳು ಅನ್ನುತ್ತಿದ್ದರು. ಇವತ್ತು ನಿನ್ನ ಹೊಲದ ಕಳೆ ನಾನು ತೆಗೆದರೆ ನಾಳೆ ನನ್ನ ಹೊಲಕ್ಕೆ ನೀನು. ಅದೇ ಇದು, ಹೆಸರು ಬೇರೆ.

ರಾಯಚೂರು ಡಿಗ್ರಿ
ಮಂಗಳವಾರ, ರಾತ್ರಿ 7:50

ನಾನಿನ್ನೂ ವಿದ್ಯಾರ್ಥಿ. ಕಾಲೇಜಿನ ಎನ್‌ಎಸ್‌ಎಸ್‌ನಲ್ಲಿದ್ದೇನೆ (ರಾಷ್ಟ್ರೀಯ ಸೇವಾ ಯೋಜನೆ). ಎರಡು ವರ್ಷಕ್ಕೆ 240 ತಾಸು ಸೇವೆ ಮಾಡಬೇಕು, ಜೊತೆಗೆ ಏಳು ದಿನದ ಶಿಬಿರ. ನಿಜ ಹೇಳಬೇಕೆಂದರೆ ಸೇರಿದ್ದು ಸರ್ಟಿಫಿಕೇಟಿಗೆ.

ಆದರೆ ಒಂದು ಸಲ ಕಣ್ಣು ಕಾಣದ ಒಬ್ಬ ಅಣ್ಣನಿಗೆ ಪರೀಕ್ಷೆ ಬರೆದುಕೊಟ್ಟೆ. ಅವರು ಹೇಳುವುದು, ನಾನು ಬರೆಯುವುದು. ಒಂದು ತಾಸಿಗೆ 20 ನಿಮಿಷ ಹೆಚ್ಚು ಸಮಯ ಸಿಗುತ್ತದೆ, ಮೂರು ತಾಸಿನ ಪರೀಕ್ಷೆ ನಾಲ್ಕು ತಾಸು. ನನಗೆ ಗೊತ್ತಿದ್ದ ಒಂದು ಉತ್ತರ ಅವರು ತಪ್ಪು ಹೇಳಿದರು. ಪೆನ್ನು ನಿಂತಿತು. ಅವರಿಗೆ ಗೊತ್ತಾಯಿತು. "ನೀನು ನನ್ನ ಕೈ ಅಷ್ಟೇ ಆಗು ತಮ್ಮಾ, ತಲೆ ನನ್ನದಿರಲಿ" ಅಂದರು. ಅವರು ಹೇಳಿದ್ದನ್ನೇ ಬರೆದೆ. ಸಹಾಯ ಅಂದರೆ ಎಲ್ಲಿ ನಿಲ್ಲಬೇಕು ಅನ್ನುವುದು ಅವತ್ತು ಗೊತ್ತಾಯಿತು.

ಬರೆಯುವವರು ಸಿಗದೆ ಪರೀಕ್ಷೆ ಹತ್ತಿರ ಬಂದಾಗ ಎಷ್ಟೋ ಜನ ಅಲೆಯುತ್ತಾರೆ. ಯಾರು ಬರೆಯಬಹುದು ಅನ್ನುವ ನಿಯಮ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ. ಬಹಳ ಕಡೆ ಪರೀಕ್ಷೆಗೆ ಕೂತವರಿಗಿಂತ ಕಡಿಮೆ ಓದಿದವರೇ ಆಗಬೇಕು. ಅಂದರೆ ನಮ್ಮಂಥ ವಿದ್ಯಾರ್ಥಿಗಳೇ ಬೇಕು, ದೊಡ್ಡವರು ಬೇಡ. ಕಾಲೇಜಿನಲ್ಲಿ ಮೊದಲೇ ಹೆಸರು ಕೊಟ್ಟಿಡಿ. ಆಮೇಲೆ ಆ ದಿನ ಮಾತ್ರ ತಪ್ಪಿಸಬೇಡಿ. ನೀವು ಹೋಗದಿದ್ದರೆ ಅವರ ವರ್ಷ ಹೋಗುತ್ತದೆ.

ಮುನಿರಾಬಾದ್ ನಿವೃತ್ತ
ಬುಧವಾರ, ಮುಂಜಾನೆ 5:55

ನೀರಾವರಿ ಕೆಲಸದಲ್ಲಿದ್ದು ನಿವೃತ್ತನಾದವನು. ನನ್ನಂಥವರಿಗೆ ಒಂದು ಮಾತು. "ನಮ್ಮ ಕಾಲ ಮುಗಿಯಿತು" ಅಂತ ಮೂಲೆಯಲ್ಲಿ ಕೂರಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಯಾರ ಮನೆಯಲ್ಲೂ ನಿದ್ದೆ ಇರಲಿಲ್ಲ. ಮೂರೂ ಜಿಲ್ಲೆಯ ಭತ್ತ ಆ ನೀರಿನ ಮೇಲೆ ನಿಂತಿತ್ತು. ಆಗ ದಾರಿ ತೋರಿಸಿದವರು ಯಾರು? ನಿವೃತ್ತರಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯುವ ಉಕ್ಕಿನ ತುಂಡುಗಳು) ಇಳಿಸಿದರು, ಒಂದು ವಾರದಲ್ಲಿ ನೀರು ನಿಂತಿತು. ಅವರ ತಲೆಯಲ್ಲಿದ್ದ ಅನುಭವ, ಆ ನೀರಿನ ಮೇಲೆ ನಿಂತು ಕೆಲಸ ಮಾಡಿದ ಕಾರ್ಮಿಕರ ಧೈರ್ಯ, ಎರಡೂ ಸೇರಿ ನಮ್ಮ ಬೆಳೆ ಉಳಿಯಿತು.

ನಾನು ಅಂಥ ದೊಡ್ಡವನಲ್ಲ. ಸುತ್ತಲಿನ ಊರುಗಳ ನೀರಗಂಟಿಗಳಿಗೆ ಮೋಟರ್ ಸ್ಟಾರ್ಟರ್ ನೋಡಿಕೊಳ್ಳುವುದು, ವಾಲ್ವ್ ಗ್ರೀಸ್ ಮಾಡುವುದು, ಟ್ಯಾಂಕ್ ತೊಳೆದ ತಾರೀಖು ಗೋಡೆ ಮೇಲೆ ಬರೆಯುವುದು, ಇಷ್ಟು ಹೇಳಿಕೊಡುತ್ತೇನೆ. ಅವರಿಗೆ ಯಾರೂ ಕೂತು ಹೇಳಿಕೊಟ್ಟಿರಲಿಲ್ಲ.

ಬಳ್ಳಾರಿ ರಂಗ
ಬುಧವಾರ, ರಾತ್ರಿ 9:15

ಹಾಡು, ನಾಟಕ, ಬೊಂಬೆ ಬಲ್ಲವರನ್ನು ಮರೆಯಬೇಡಿ. ನಮ್ಮ ಬಳ್ಳಾರಿ ರಾಘವರು (1880–1946) ವೃತ್ತಿಯಲ್ಲಿ ವಕೀಲರು, ನಾಟಕದ ಗಳಿಕೆಯನ್ನು ಒಳ್ಳೆಯ ಕೆಲಸಗಳಿಗೆ ಕೊಟ್ಟವರು. ಕೊಪ್ಪಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ವಯಸ್ಸು ತೊಂಬತ್ತು ದಾಟಿತ್ತು. ಅಂಥ ಕಲೆಯನ್ನು ಊರ ಮಕ್ಕಳಿಗೆ ವಾರಕ್ಕೆ ಒಂದು ತಾಸು ತೋರಿಸುವುದೂ ಸೇವೆಯೇ. ನಾನು ಹಾರ್ಮೋನಿಯಂ ಕಲಿಸುತ್ತೇನೆ. ಆರು ಮಕ್ಕಳು, ಒಂದೇ ಪೆಟ್ಟಿಗೆ. ಒಬ್ಬರು ನುಡಿಸುವಾಗ ಐದು ಜನ ಬೆಂಚಿನ ಮೇಲೆ ಬೆರಳಾಡಿಸುತ್ತಾರೆ.

ನೇರ ಮಾತು (ರಾಯಚೂರು)
ಗುರುವಾರ, ರಾತ್ರಿ 8:40

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಸರ್ಕಾರ ಮಾಡಬೇಕಾದದ್ದನ್ನು ಸರ್ಕಾರವೇ ಮಾಡಬೇಕು. ಆದರೆ ವಕೀಲರ ಮಾತು ಮನಸ್ಸಿಗೆ ಬಂತು. ಇವತ್ತು ನಮ್ಮ ಓಣಿಯ ಪ್ರೌಢಶಾಲೆಯ ಹುದ್ದೆಗಳ ಬಗ್ಗೆ ಅರ್ಜಿ ಬರೆದೆ. 62 ಪದ ಆಯಿತು. ನಾಳೆ ಕೊಡುತ್ತೇನೆ. ಬೇರೆ ಊರಿನವರಿಗೆ ಬೇಕಾದರೆ ನಾನು ಬರೆದುಕೊಡಬಲ್ಲೆ, ಇಲ್ಲೇ ಕೇಳಿ.

ಕೋಟೆ ಓಣಿ (ಕೊಪ್ಪಳ)
ಮೂರು ವಾರದ ನಂತರ, ಭಾನುವಾರ, ಸಂಜೆ 6:30

ತಡವಾಗಿ ಬರೆಯುತ್ತಿದ್ದೇನೆ. ಟೀಚರ್ ಹೇಳಿದ ಹಾಗೆ ಎರಡು ಭಾನುವಾರ ಸುಮ್ಮನೆ ಹೋಗಿ ಕೂತೆ. ಮೊದಲ ಭಾನುವಾರ ಯಾರೂ ಏನೂ ಕೇಳಲಿಲ್ಲ. ಎರಡನೇ ಭಾನುವಾರ ಒಬ್ಬ ಅಜ್ಜ "ಬ್ಯಾಂಕಿನವನಲ್ಲ ನೀನು?" ಅಂತ ಕೇಳಿ ಒಂದು ಪಾಸ್‌ಬುಕ್ ತಂದರು. ಅರ್ಧ ತಾಸಿನಲ್ಲಿ ಹದಿನಾಲ್ಕು ಜನ ಇದ್ದರು. ನಾನು ಗಣಿತದ ಪುಸ್ತಕ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿದ್ದೆ, ಅದನ್ನು ತೆಗೆಯಲೇ ಇಲ್ಲ.

ಒಬ್ಬ ಅಕ್ಕನ ವಿಷಯ ಹೇಳಬೇಕು. ಗೃಹಲಕ್ಷ್ಮಿ ಹಣ ಒಂದು ತಿಂಗಳೂ ಬಂದಿಲ್ಲ ಅಂದರು. ಎರಡು ವರ್ಷದಿಂದ ಎಲ್ಲ ಕಡೆ ಅಲೆದಿದ್ದಾರೆ. ಎಲ್ಲರೂ "ಆಧಾರ್ ಲಿಂಕ್ ಆಗಿದೆ, ಹಣ ಬರುತ್ತದೆ ಹೋಗಿ" ಅಂದಿದ್ದಾರೆ. ಅವರ ಪಾಸ್‌ಬುಕ್ ನೋಡಿದೆ, ನಿಜವಾಗಿಯೂ ಏನೂ ಬಂದಿಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಅವರ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೋಡಿದೆವು. ಬೇರೆಯೇ ಬ್ಯಾಂಕಿನ ಹೆಸರು ಬಂತು. ಅಕ್ಕ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಹೇಳಿದರು, ಬೆಂಗಳೂರಿಗೆ ಗುಳೆ ಹೋದಾಗ ಕಟ್ಟಡದ ಕೆಲಸದ ಹತ್ತಿರ ಯಾರೋ ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಖಾತೆ ತೆಗೆಸಿದ್ದರಂತೆ. ಆ ಪುಸ್ತಕ ಮಳೆಗೆ ಶೆಡ್ಡಿನಲ್ಲಿ ನೆನೆದು ಹೋಯಿತಂತೆ. ಸರ್ಕಾರದ ಇಂಥ ಹಣ ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಕೈಯಲ್ಲಿರುವ ಪಾಸ್‌ಬುಕ್ಕಿಗೆ ಅಲ್ಲ. ಸೋಮವಾರ ಆ ಬ್ಯಾಂಕಿನ ಕೊಪ್ಪಳದ ಶಾಖೆಗೆ ಜೊತೆಗೆ ಹೋದೆ. ಗುರುತು ಪರೀಕ್ಷೆ ಮಾಡಿ ಲೆಕ್ಕ ತೆಗೆದರು. ಹಣ ತಿಂಗಳು ತಿಂಗಳು ಬಂದು ಅಲ್ಲೇ ಕೂತಿತ್ತು. ಎರಡೆರಡು ಸಾವಿರದ ಸಾಲು, ಒಂದರ ಕೆಳಗೆ ಒಂದು. ಅಕ್ಕ ಆ ಹಾಳೆಯ ಮೇಲೆ ಬೆರಳಿಟ್ಟು ಸಾಲುಗಳನ್ನು ಎಣಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು. ನಾನು ಆ ಕಡೆ ತಿರುಗಿ ನಿಂತೆ.

ದಿನಾ ಬ್ಯಾಂಕಿನಲ್ಲಿ ಮಾಡುವ ಕೆಲಸ ಇದು. ಇದನ್ನು ವಿದ್ಯೆ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಕೆಲವು ಪದ್ಧತಿ ಹಾಕಿಕೊಂಡಿದ್ದೇನೆ. ಯಾರ ಪಾಸ್‌ಬುಕ್ಕೂ ಆಧಾರ್ ಕಾರ್ಡೂ ಮನೆಗೆ ತರುವುದಿಲ್ಲ. ಒಟಿಪಿ ಬಂದರೆ ಅವರೇ ಓದಿ ಅವರೇ ಒತ್ತಬೇಕು, ನನಗೆ ಹೇಳಬಾರದು. ಇವತ್ತು ನನಗೆ ಹೇಳಿ ರೂಢಿಯಾದರೆ ನಾಳೆ ಫೋನ್ ಮಾಡುವ ಕಳ್ಳನಿಗೂ ಹೇಳುತ್ತಾರೆ. ಚಹಾ ಬಿಟ್ಟು ಬೇರೆ ಏನೂ ತೆಗೆದುಕೊಳ್ಳುವುದಿಲ್ಲ. ಭಾನುವಾರ ಹತ್ತರಿಂದ ಹನ್ನೆರಡು, ಅರಿವು ಕೇಂದ್ರದ ಮುಂದೆ. ಬರೋಕೆ ಆಗದ ವಾರ ಹಿಂದಿನ ದಿನವೇ ಗೋಡೆಯ ಕಪ್ಪು ಹಲಗೆಯ ಮೇಲೆ ಬರೆಸುತ್ತೇನೆ. ಹಲಗೆ ಮೇಲೆ ಬರೆಯುವ ಜವಾಬ್ದಾರಿ ಯಾರಿಗೆ ಕೊಟ್ಟೆ ಗೊತ್ತಾ? ಹೋಟೆಲ್‌ನ ಆ ಹುಡುಗನಿಗೆ. ನಾನೇ ಹೋಗಿ ಕೇಳಿದೆ, ಅವತ್ತು ಹೇಳದೆ ಹೋದದ್ದು ನನ್ನ ತಪ್ಪು ಅಂದೆ. ಅವನು ಗ್ಲಾಸು ತೊಳೆಯುತ್ತಲೇ "ಹಲಗಿಗೆ ಕರಿ ಬಣ್ಣ ಹಚ್ಚಬೇಕು ಸರ್, ಸುಣ್ಣ ಹಿಡಿಯೂದಿಲ್ಲ" ಅಂದ. ಸಂಜೆ ಹಚ್ಚಿದ.

ಗಣಿತ? ಇವತ್ತು ಇಬ್ಬರು ಹುಡುಗಿಯರು ಬಂದು ಬಡ್ಡಿ ಲೆಕ್ಕ ಹೇಗೆ ಮಾಡುತ್ತೀರಿ ಅಂತ ಕೇಳಿದರು. ಬಂಗಾರದ ಸಾಲದ ಚೀಟಿ ಇಟ್ಟುಕೊಂಡೇ ತೋರಿಸಿದೆ.

ಗಂಗಾವತಿ ಟೀಚರ್
ಭಾನುವಾರ, ರಾತ್ರಿ 7:20

ಆ ಇಬ್ಬರು ಮುಂದಿನ ವಾರ ನಾಲ್ಕು ಜನ ಆಗುತ್ತಾರೆ, ನೋಡಿ. ಹತ್ತನೇ ಕ್ಲಾಸಿನ ಹಳೇ ಪ್ರಶ್ನೆಪತ್ರಿಕೆ ನನ್ನ ಹತ್ತಿರ ಇವೆ. ಗಂಗಾವತಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ.

ಸಿಂಧನೂರು ವೈರ್‌ಮನ್
ಭಾನುವಾರ, ರಾತ್ರಿ 8:05

ಸರ್, ನಿಮ್ಮ ಶಾಲೆಯ ಫ್ಯಾನು ಎಷ್ಟಿವೆ ಅಂತ ಎಣಿಸಿ ಹೇಳಿ. ಈ ತಿಂಗಳ ನನ್ನ ಭಾನುವಾರ ಇನ್ನೂ ಖಾಲಿ ಇದೆ. ಹೆಡ್ ಮೇಷ್ಟ್ರ ಒಪ್ಪಿಗೆ ತೆಗೆದುಕೊಂಡಿಡಿ. ಮುಂಜಾನೆ ಮೊದಲ ಬಸ್ಸಿಗೆ ಗಂಗಾವತಿ ಮೇಲೆ ಬರುತ್ತೇನೆ. ಕೆಪ್ಯಾಸಿಟರ್ ನಾನು ತರುತ್ತೇನೆ. ಶಾಲೆಯಲ್ಲಿ ಏಣಿ ಇದೆಯಾ?

ಕೋಟೆ ಓಣಿ (ಕೊಪ್ಪಳ)
ಭಾನುವಾರ, ರಾತ್ರಿ 8:11

ಒಂಬತ್ತು ಫ್ಯಾನು. ಏಣಿ ಇದೆ ಅಣ್ಣಾ, ಮೇಲಿನ ಮೆಟ್ಟಿಲು ಒಂದು ಮುರಿದಿದೆ. ಶನಿವಾರದ ಒಳಗೆ ಬಡಿಗೇರ ಕಾಕಾನ ಹತ್ತಿರ ಹೊಸದು ಹಾಕಿಸಿಡುತ್ತೇನೆ.